ಸಾಲಕ್ಕೆ ಬರೆದ ಕ್ರಯಪತ್ರ ಮತ್ತು ತಮಟೆಯ ಭಯ

ಮೊನ್ನೆ ಊರಿಗೆ ಹೋದಾಗ ಅಭ್ಯಾಸಬಲದಿಂದ "ದೊಡ್ಡಪ್ಪ, ತೋಟದ ಕಡೆ ಹೋಗ್ಬರೋಣ್ವಾ?" ಅಂತ ಕೇಳಿಬಿಟ್ಟೆ. ದೊಡ್ಡಪ್ಪ ಎಲೆ ಅಡಿಕೆ ಚೀಲ ಬಿಚ್ಚುತ್ತಾ "ಯಾವ ತೋಟ? ಅದೀಗ ನಮ್ದಲ್ಲ ಕಣೋ" ಅಂದರು. ನನಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ನಮ್ಮದು ಹೊಳಲ್ಕೆರೆ ತಾಲ್ಲೂಕು, ಬಿ.ದುರ್ಗ ಹೋಬಳಿ. ಚಿತ್ರದುರ್ಗ ಜಿಲ್ಲೆ ಅಂದ ಕೂಡಲೇ ಬಯಲು, ಬಂಡೆ, ಕೋಟೆ, ಒನಕೆ ಓಬವ್ವ ಅಂದುಕೊಳ್ಳೋರಿಗೆ ನಮ್ಮ ಕಡೆ ಅಡಿಕೆ ತೋಟಗಳಿವೆ ಅಂದರೆ ನಂಬಿಕೆ ಬರಲ್ಲ. ಚಿಕ್ಕಜಾಜೂರಿಂದ ಚನ್ನಗಿರಿ ಸೀಮೆ ಕಡೆಗೆ ಹೋಗ್ತಾ ಹೋಗ್ತಾ ಹಸಿರು ಕಾಣಿಸುತ್ತೆ. ಆದರೆ ಆ ಹಸಿರು ಮಳೆಯದ್ದಲ್ಲ, ಹೊಳೆಯದ್ದೂ ಅಲ್ಲ. ಕೊಳವೆಬಾವಿಯದ್ದು. ಅಂದರೆ ಸಾಲದ್ದು. ಒಂದು ಬೋರು ಕೈಕೊಟ್ಟರೆ ಇನ್ನೊಂದು, ಅದೂ ಬತ್ತಿದರೆ ಮತ್ತೊಂದು, ಆಮೇಲೆ ಟ್ಯಾಂಕರ್ ನೀರು. ಬೆಳೆ ಒಣಗಿದರೆ ಮುಂದಿನ ವರ್ಷ ಬಿತ್ತಬಹುದು, ಅಡಿಕೆ ಮರ ಒಣಗಿದರೆ ಹದಿನೈದು ವರ್ಷದ ಬದುಕೇ ಒಣಗಿತು. ಅದಕ್ಕೇ ತೋಟದವನು ಸಾಲ ಮಾಡುವಾಗ ಬಡ್ಡಿ ಎಷ್ಟು ಅಂತ ಕೇಳಲ್ಲ, ದುಡ್ಡು ಯಾವತ್ತು ಸಿಗುತ್ತೆ ಅಂತ ಕೇಳ್ತಾನೆ.

ದೊಡ್ಡಪ್ಪನೂ ಹಾಗೇ ಕೇಳಿದ್ದು. 2017ರ ಬರದಲ್ಲಿ ಎರಡು ಬೋರು ಫೇಲಾದವು. ಬ್ಯಾಂಕಿನಲ್ಲಿ ಆಗಲೇ ಬೆಳೆ ಸಾಲ ಇತ್ತು. ಬೀಗರೊಬ್ಬರು ಎಂಟು ಲಕ್ಷ ಕೊಡಲು ಒಪ್ಪಿದರು, ಬ್ಯಾಂಕಿನದನ್ನೂ ಅದರಲ್ಲೇ ತೀರಿಸಿದ್ದಾಯಿತು. ಬಡ್ಡಿ ನೂರಕ್ಕೆ ಎರಡು ರೂಪಾಯಿ. ನಮ್ಮ ಕಡೆ ಬಡ್ಡಿ ಹೇಳುವುದು ತಿಂಗಳ ಲೆಕ್ಕದಲ್ಲಿ, ಅಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. "ಬರೀ ಒಂದು ಧೈರ್ಯಕ್ಕೆ" ಅಂತ ಮೂರು ಎಕರೆ ತೋಟವನ್ನು ಬೀಗರ ಹೆಸರಿಗೆ ಶುದ್ಧ ಕ್ರಯಪತ್ರ ಮಾಡಿಸಿಕೊಂಡರು. ದುಡ್ಡು ವಾಪಸ್ ಕೊಟ್ಟ ದಿನ ತೋಟ ವಾಪಸ್ ಬರೆದುಕೊಡುವ ಮಾತು. ಆ ಮಾತು ಪತ್ರದಲ್ಲಿ ಇರಲಿಲ್ಲ. "ನಮ್ಮ ನಮ್ಮಲ್ಲಿ ಅದೆಲ್ಲಾ ಯಾಕೆ ಯಜಮಾನ್ರೇ" ಅಂದರಂತೆ. ಹೌದಲ್ಲ, ಹೆಣ್ಣು ಕೊಟ್ಟು ತಂದ ಸಂಬಂಧ.

ಕ್ರಯ ಆದಮೇಲೂ ತೋಟ ನೋಡಿಕೊಂಡಿದ್ದು ದೊಡ್ಡಪ್ಪನೇ. ನೀರು ಕಟ್ಟಿದ್ದು, ಗೊಬ್ಬರ ಹಾಕಿದ್ದು, ಕೊನೆ ಇಳಿಸಿದ್ದು ಎಲ್ಲಾ ಅವರೇ. ವರ್ಷಕ್ಕೊಮ್ಮೆ ಬಡ್ಡಿ ಕೊಡ್ತಿದ್ದರು, ಕೈಗೆ ಕೈ, ರಸೀದಿ ಇಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾತ್ರ ಹೆಸರು ಬದಲಾಗಿತ್ತು. ಆಮೇಲೆ ಒಂದು ದಿನ ನೋಡಿದರೆ ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಸಾಲವೂ ಕೂತಿದೆ. ಬೀಗರು ಆ ಪಹಣಿ ಇಟ್ಟು ತಾವೇ ಸಾಲ ತೆಗೆದಿದ್ದಾರೆ! ದೊಡ್ಡಪ್ಪನಿಗೆ ಇಪ್ಪತ್ತನಾಲ್ಕರ ಬಡ್ಡಿಗೆ ಕೊಟ್ಟು, ದೊಡ್ಡಪ್ಪನ ಜಮೀನಿನ ಮೇಲೆಯೇ ಬ್ಯಾಂಕಿನ ಸಣ್ಣ ಬಡ್ಡಿಗೆ ತಂದು.. ಇದಕ್ಕೆ ಬುದ್ಧಿ ಅನ್ನಬೇಕೋ ಏನನ್ನಬೇಕೋ.

2021ರಲ್ಲಿ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ಮುಟ್ಟಿತು. 2022ರಲ್ಲಿ ಮಳೆ ಹೇಗೆ ಹೊಡೆಯಿತೆಂದರೆ 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಬತ್ತಿದ ಬೋರುಗಳಲ್ಲಿ ನೀರು ಬಂತು. ದೊಡ್ಡಪ್ಪ ದುಡ್ಡು ಜೋಡಿಸಿಕೊಂಡು ಹೋದರು. ಬೀಗರು ಕಾಫಿ ಕೊಟ್ಟು, "ಸಾಲ ಯಾವುದು? ನಾನು ತಗಂಡಿರೋದಲ್ವಾ ತೋಟ" ಅಂದರು.

ಇದು ನಮ್ಮ ಮನೆಯ ಕಥೆ ಅಂತ ಹೇಳ್ತಾ ಇಲ್ಲ. ನಿಮ್ಮ ಮನೆಯದ್ದೂ ಇರಬಹುದು ಅಂತ ಹೇಳ್ತಾ ಇದ್ದೀನಿ. ಯಾವುದೇ ತಾಲ್ಲೂಕು ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಅರ್ಧ ಗಂಟೆ ಕೂತರೆ ಇಂಥ ಮೂರು ಕಥೆ ಕಿವಿಗೆ ಬೀಳುತ್ತವೆ. ಎಲ್ಲರಿಗೂ ಬೀಗರು, ಬಾಮೈದ, ದಾಯಾದಿ, ಇಲ್ಲವೇ ಅಪ್ಪನ ಕಾಲದ ಸ್ನೇಹಿತರು.

ಈಗ ನನ್ನ ವಾದಕ್ಕೆ ಬರ್ತೀನಿ. ಬೈಯೋರು ಬೈಯಿರಿ. ನಮ್ಮ ಕಡೆಯ ಜಮೀನುದಾರ ಮನೆತನಗಳು ಕೋರ್ಟಿನ ಜಪ್ತಿಗೆ ಹೆದರಿ ಹೆದರಿಯೇ ಜಮೀನು ಕಳೆದುಕೊಂಡವು. ಜಪ್ತಿಯೇ ಆಗಿದ್ದರೆ ಇಷ್ಟು ಕಳೆದುಕೊಳ್ಳುತ್ತಿರಲಿಲ್ಲ.

ದೊಡ್ಡಪ್ಪನನ್ನೇ ಕೇಳಿದೆ, ಬರೀ ಪ್ರೋನೋಟು ಬರೆದು ದುಡ್ಡು ತರಬಹುದಿತ್ತಲ್ಲ, ಇಲ್ಲಾ ಆಧಾರಪತ್ರ ಮಾಡಬಹುದಿತ್ತಲ್ಲ ಅಂತ. "ನಾಳೆ ಕೊಡಕ್ಕಾಗ್ದಿದ್ರೆ ಕೋರ್ಟಿಗೆ ಹಾಕ್ತಾನೆ, ಅಮೀನ ಬರ್ತಾನೆ, ಊರ ಮುಂದೆ ತಮಟೆ ಬಡಿಸ್ತಾರೆ. ಅದಕ್ಕಿಂತ ಸಾಯೋದು ವಾಸಿ" ಅಂದರು. ಕ್ರಯಪತ್ರ ಆದರೆ ಸದ್ದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು, ಫೋಟೋ, ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ. ಮಾರಿದವನೂ ಕೊಂಡವನೂ ಒಂದೇ ಕಾರಿನಲ್ಲಿ ಊರಿಗೆ ವಾಪಸ್!

ತಮಟೆ ನಿಜ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮದಲ್ಲೇ ಇದೆ. ಸ್ಥಿರಾಸ್ತಿ ಜಪ್ತಿಯ ಆದೇಶವನ್ನು ಆ ಜಾಗದಲ್ಲೋ ಪಕ್ಕದಲ್ಲೋ ತಮಟೆ ಬಾರಿಸಿ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು, ಪ್ರತಿಯನ್ನು ಅಂಟಿಸಬೇಕು ಅಂತ. ಆದರೆ ಅದೇ ಸಂಹಿತೆಯಲ್ಲಿ ಇನ್ನೂ ಏನೇನಿದೆ ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಲೇ ಇಲ್ಲ. 60ನೇ ಕಲಂ ತೆಗೆದು ನೋಡಿ. ಸಾಲಗಾರನ ಮತ್ತು ಅವನ ಹೆಂಡತಿ ಮಕ್ಕಳ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಜಪ್ತಿ ಮಾಡುವಂತಿಲ್ಲ. ಸಂಪ್ರದಾಯದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ. ರೈತನಾದರೆ ನೇಗಿಲು ನೊಗ, ಬದುಕಿಗೆ ಬೇಕಾದ ದನ, ಬಿತ್ತನೆ ಬೀಜ, ವಾಸದ ಮನೆ ಇವೂ ಹಾಗೇ (ಮನೆಯನ್ನೇ ಅಡವಿಟ್ಟಿದ್ದರೆ ಅದರ ಲೆಕ್ಕ ಬೇರೆ). 64ನೇ ನಿಯಮದ ಪ್ರಕಾರ ಡಿಕ್ರಿ ಹಣ ತೀರಲು ಎಷ್ಟು ಬೇಕೋ ಅಷ್ಟೇ ಆಸ್ತಿ ಮಾರಬೇಕು. ಒಂದು ಎಕರೆ ಸಾಕಾಗುವಾಗ ಮೂರೆಕರೆ ಹರಾಜು ಹಾಕಿದರೆ ಆ ಹರಾಜು ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಸಾಲ ತೀರಿ ಮಿಕ್ಕಿದ ದುಡ್ಡು ಸಾಲಗಾರನಿಗೇ ಸೇರಬೇಕು. ಹರಾಜು ಆದಮೇಲೂ ಅರವತ್ತು ದಿನದೊಳಗೆ ಬಾಕಿಯನ್ನೂ, ಹರಾಜು ಹಿಡಿದವನಿಗೆ ಕ್ರಯದ ಹಣದ ನೂರಕ್ಕೆ ಐದನ್ನೂ ಕಟ್ಟಿದರೆ 89ನೇ ನಿಯಮದಡಿ ಜಮೀನು ಬಿಡಿಸಿಕೊಳ್ಳಬಹುದು. ಇನ್ನು ಬಡ್ಡಿ.. ವ್ಯಾಪಾರದ ಸಾಲವಲ್ಲದಿದ್ದರೆ ಹಣದ ಡಿಕ್ರಿಯಾದ ದಿನದಿಂದ ವರ್ಷಕ್ಕೆ ನೂರಕ್ಕೆ ಆರಕ್ಕಿಂತ ಹೆಚ್ಚು ಹಾಕುವಂತಿಲ್ಲ, 34ನೇ ಕಲಂ.

ದೊಡ್ಡಪ್ಪನ ಲೆಕ್ಕವನ್ನೇ ತಗೊಳ್ಳಿ. ಎಂಟು ಲಕ್ಷ ಅಸಲು. ಒಂದು ಪೈಸೆ ಬಡ್ಡಿ ಕಟ್ಟದೇ ಐದು ವರ್ಷ ಕಳೆದರೂ, ಮಾತಿನ ಬಡ್ಡಿಯನ್ನೇ ಪೂರ್ತಿ ಹಾಕಿದರೂ, ಒಂಬತ್ತು ಲಕ್ಷದ ಅರವತ್ತು ಸಾವಿರ ಬಡ್ಡಿ. ಒಟ್ಟು ಹದಿನೇಳೂವರೆ ಲಕ್ಷದ ಆಸುಪಾಸು. ಎಕರೆಗೆ ಇಪ್ಪತ್ತು ಲಕ್ಷ ಅಂದುಕೊಂಡರೆ ಒಂದು ಎಕರೆ ಹೋಗಿ ಎರಡು ಎಕರೆ ಉಳಿಯಬೇಕಿತ್ತು. ಹರಾಜಿನಲ್ಲಿ ಅರ್ಧ ಬೆಲೆಗೇ ಹೋಯಿತು ಅನ್ನಿ, ಆಗಲೂ ಒಂದೂಕಾಲು ಎಕರೆ ಉಳಿಯುತ್ತಿತ್ತು. ಈಗ ಉಳಿದಿದ್ದು? ಮರ್ಯಾದೆ. ಅದೂ ಉಳಿದಿಲ್ಲ ಅನ್ನೋದು ಬೇರೆ ಮಾತು, ಊರಿಗೆಲ್ಲಾ ಗೊತ್ತು.

ಇಲ್ಲೊಂದು ಅಡ್ಡದಾರಿ ಹಿಡಿಯುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ಈಚೆಗೆ ಸ್ಕಾಟ್ಲೆಂಡಿನ ಹದಿನೇಳನೇ ಶತಮಾನದ ಜಮೀನುದಾರ ಮನೆತನಗಳ ಬಗ್ಗೆ ಓದುತ್ತಿದ್ದೆ. ಓದ್ತಾ ಓದ್ತಾ ಇದು ಹೊಳಲ್ಕೆರೆಯೋ ಎಡಿನ್‌ಬರೋವೋ ಅಂತ ಅನುಮಾನ ಬಂತು. ನಮ್ಮ ತಮಟೆಗೆ ಬದಲು ಅಲ್ಲಿ ಕೊಂಬು. ಸಾಲ ಕಟ್ಟದವನ ಹೆಸರು ಹಿಡಿದು ಪೇಟೆಯ ಕಟ್ಟೆಯ ಹತ್ತಿರ ಸರ್ಕಾರಿ ಜವಾನ ಮೂರು ಸಲ ಕೊಂಬು ಊದುತ್ತಿದ್ದ. ಅಲ್ಲಿಗೆ ಸಾಲಗಾರ ರಾಜನಿಗೇ ದ್ರೋಹಿ ಅಂತ ಲೆಕ್ಕ. ನಮ್ಮ ಭೋಗ್ಯದಂಥದ್ದೇ ಪದ್ಧತಿ ಅಲ್ಲಿ, ಹೆಸರು ವಾಡ್‌ಸೆಟ್. ಸಾಲ ಕೊಟ್ಟವನು ಬಡ್ಡಿ ಬದಲು ಜಮೀನಿನ ಹುಟ್ಟುವಳಿ ತಿನ್ನೋದು, ಅಸಲು ಬಂದ ದಿನ ಜಮೀನು ಬಿಡೋದು. ಸಣ್ಣ ಸಾಲಕ್ಕೆ ಇಡೀ ಎಸ್ಟೇಟು ಹಿಡಿದುಕೊಳ್ಳುವ ಕಾಟ ಅಲ್ಲೂ ಜೋರಾಗಿತ್ತು. ಕೊನೆಗೆ 1672ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ತಂದು, ಸಾಲಗಾರ ಸರಿಯಾಗಿ ಕಾಗದಪತ್ರ ಒಪ್ಪಿಸಿದರೆ ಸಾಲದಷ್ಟು ಮತ್ತು ಅದರ ಮೇಲೆ ಐದನೇ ಒಂದು ಪಾಲಿನಷ್ಟು ಬೆಲೆಯ ಜಮೀನು ಮಾತ್ರ ಕೊಡಿಸುವ ದಾರಿ ಮಾಡಿತು, ಅದನ್ನೂ ಬಿಡಿಸಿಕೊಳ್ಳಲು ಐದು ವರ್ಷ ಗಡುವು. ನಮ್ಮ 64ನೇ ನಿಯಮದ ದೂರದ ದಾಯಾದಿ ಅನ್ನಬಹುದು.

ಅಲ್ಲಿ ಬೀಗರೂ ಇದ್ದರು, ನೆರೆಹೊರೆಯವರೂ ಇದ್ದರು. ಮಲ್ ಅನ್ನೋ ದ್ವೀಪ ಡುವಾರ್ಟ್ ಕೋಟೆಯ ಮೆಕ್ಲೀನ್ ಮನೆತನದ್ದು. ಪಕ್ಕದ ಆರ್ಗೈಲಿನ ಕ್ಯಾಂಪ್‌ಬೆಲ್ ದೊರೆ ಅವರಿಗೆ ತಾನು ಕೊಟ್ಟ ಸಾಲ ಸಾಲದು ಅಂತ, ಬೇರೆಯವರಿಗೆ ಬರಬೇಕಿದ್ದ ಮೆಕ್ಲೀನರ ಸಾಲಪತ್ರಗಳನ್ನೂ ಕೊಂಡು ಒಟ್ಟು ಹಾಕಿಕೊಂಡ. ಅವನ ಮಗ ಒಂಬತ್ತನೇ ಅರ್ಲ್ ಕೋರ್ಟಿನ ತೀರ್ಪು ಹಿಡಿದುಕೊಂಡು 1674ರಲ್ಲಿ ದಂಡು ಸಮೇತ ದ್ವೀಪಕ್ಕೆ ಇಳಿದ. ಆಗ ಮೆಕ್ಲೀನ್ ಮನೆಯ ವಾರಸುದಾರ ಇನ್ನೂ ಮಗು. 1691ಕ್ಕೆ ಕೋಟೆಯೂ ಹೋಯಿತು. ಕತ್ತಿಯಿಂದ ಆಗದ್ದು ಸಾಲಪತ್ರದಿಂದ ಆಯಿತು. 1911ರಲ್ಲಿ, ಅಂದರೆ ಇನ್ನೂರಿಪ್ಪತ್ತು ವರ್ಷ ಆದಮೇಲೆ, ಅದೇ ವಂಶದ ಮುದುಕರೊಬ್ಬರು ಪಾಳುಬಿದ್ದ ಕೋಟೆಯನ್ನು ದುಡ್ಡು ಕೊಟ್ಟು ಕೊಂಡು ರಿಪೇರಿ ಮಾಡಿಸಿದರಂತೆ. ದೊಡ್ಡಪ್ಪನಿಗೆ ಇದನ್ನು ಹೇಳಿದೆ. "ಇನ್ನೂರಿಪ್ಪತ್ತು ವರ್ಷ ಅಡಿಕೆ ಮರ ಇರಲ್ಲ ಬಿಡು" ಅಂದರು.

ನಾವು ದುರ್ಗದವರು ಮದಕರಿ ನಾಯಕ, ಹೈದರಾಲಿ, 1779 ಅಂತ ಎದೆಯುಬ್ಬಿಸಿ ಮಾತಾಡ್ತೀವಿ. ನೆಲ ಕೈಬದಲಾಗುವುದು ಅಂದರೆ ನಮ್ಮ ಕಣ್ಣಿಗೆ ಕುದುರೆ, ಕತ್ತಿ, ಕೋಟೆ ಬಾಗಿಲು. ಮುದ್ರಾಂಕದ ಕಾಗದದ ಬಗ್ಗೆ ಯಾರೂ ಲಾವಣಿ ಕಟ್ಟಿಲ್ಲ.

ಇನ್ನು ಕ್ರಯಪತ್ರ ಯಾಕೆ ಇಷ್ಟು ಅಪಾಯ ಅನ್ನೋದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಷರತ್ತಿನ ಕ್ರಯ ಅಂತ ಒಂದು ಬಗೆಯ ಅಡಮಾನ ಇದೆ. ನಮ್ಮ ಹಳಬರು ಮುದ್ದತು ಕ್ರಯ ಅನ್ನುತ್ತಿದ್ದರು. ಇಷ್ಟು ವರ್ಷದೊಳಗೆ ದುಡ್ಡು ಕೊಟ್ಟರೆ ಜಮೀನು ವಾಪಸ್ ಅಂತ ಪತ್ರದಲ್ಲೇ ಬರೆಯೋದು. 1929ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು. ಆ ಷರತ್ತು ಕ್ರಯಪತ್ರದ ಒಳಗೇ ಇರಬೇಕು, ಬೇರೆ ಕಾಗದದಲ್ಲಿದ್ದರೆ ಅಡಮಾನ ಅಂತ ಪರಿಗಣಿಸುವಂತಿಲ್ಲ. ಬೇರೆ ಕಾಗದಕ್ಕೇ ಈ ಗತಿ ಆದರೆ ಬಾಯಿಮಾತಿಗೆ? ಸಾಕ್ಷ್ಯ ಕಾಯ್ದೆಯ 91 ಮತ್ತು 92ನೇ ಕಲಂಗಳು (2024ರ ಜುಲೈಯಿಂದ ಬಂದ ಹೊಸ ಅಧಿನಿಯಮದಲ್ಲಿ 94 ಮತ್ತು 95) ಬರೆದ ಪತ್ರದ ಮಾತಿಗೆ ವಿರುದ್ಧವಾಗಿ ಬಾಯಿಸಾಕ್ಷ್ಯ ಬೇಡ ಅನ್ನುತ್ತವೆ. ಸಣ್ಣ ಕಿಂಡಿ ಒಂದಿದೆ. ಗಂಗಾಬಾಯಿ ಮತ್ತು ಛಬ್ಬೂಬಾಯಿ ಕೇಸಿನಲ್ಲಿ, ಪತ್ರ ಬರೀ ತೋರಿಕೆಗೆ ಮಾಡಿದ್ದು, ಅದರಂತೆ ನಡೆಯುವ ಉದ್ದೇಶವೇ ಇರಲಿಲ್ಲ ಅಂತ ತೋರಿಸಲು ಬಾಯಿಸಾಕ್ಷ್ಯ ಕೊಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ಆ ಕಿಂಡಿಯಲ್ಲೇ ಈಗ ದೊಡ್ಡಪ್ಪನ ವಕೀಲರು ತೂರಲು ನೋಡುತ್ತಿದ್ದಾರೆ. ಕ್ರಯ ಆದಮೇಲೂ ಸ್ವಾಧೀನ ಬಿಟ್ಟುಕೊಟ್ಟಿಲ್ಲ, ಕೊನೆ ಇಳಿಸಿದವರು ಇವರೇ, ಕರೆಂಟು ಬಿಲ್ಲು ಇವರ ಹೆಸರಲ್ಲೇ.. ಇಂಥ ಚೂರುಪಾರುಗಳನ್ನು ಒಟ್ಟುಗೂಡಿಸಿಕೊಂಡು.

ಕ್ರಯಪತ್ರ ಬೇಡ ಅನ್ನುವ ಕೆಲವರು 'ಕ್ರಯದ ಕರಾರು' ಮಾಡಿಸಿಕೊಳ್ಳುತ್ತಾರೆ. ಸಾಲವನ್ನೇ ಮುಂಗಡ ಅಂತ ಬರೆಯೋದು. ದುಡ್ಡು ಬರದಿದ್ದರೆ ಕರಾರಿನಂತೆ ಜಮೀನು ರಿಜಿಸ್ಟರ್ ಮಾಡಿಸಿಕೊಡಿ ಅಂತ ದಾವೆ. ಇದು ಸ್ವಲ್ಪ ವಾಸಿ ಅಂತ ಬಹಳ ಜನ ತಿಳಿದಿದ್ದಾರೆ. ಮೊದಲು ವಾಸಿಯೇ ಇತ್ತು. ಕರಾರು ಜಾರಿ ಮಾಡಿದರೆ ಒಬ್ಬನಿಗೆ ತೀರಾ ಕಷ್ಟ ಆಗುತ್ತೆ ಅನ್ನಿಸಿದರೆ, ಅದು ಬೇಡ, ದುಡ್ಡು ವಾಪಸ್ ಕೊಡಿಸ್ತೀವಿ ಅನ್ನುವ ವಿವೇಚನೆ ಜಡ್ಜಿಗಿತ್ತು. 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಗೆ ತಿದ್ದುಪಡಿ ತಂದು ಆ ವಿವೇಚನೆಯನ್ನು ತೆಗೆದುಹಾಕಿದರು. ದೊಡ್ಡ ಕಂಪನಿಗಳ ಒಪ್ಪಂದಗಳು ಬೇಗ ಜಾರಿಯಾಗಲಿ ಅಂತ ಮಾಡಿದ ಬದಲಾವಣೆ ಹೊಳಲ್ಕೆರೆಯ ಬೋರ್‌ವೆಲ್ ಸಾಲಗಾರನ ಕುತ್ತಿಗೆಗೂ ಬಂತು. ವಿಧಾನಸೌಧದಲ್ಲೂ ಪಾರ್ಲಿಮೆಂಟಲ್ಲೂ ಇದರ ಬಗ್ಗೆ ಮಾತಾಡೋ ರೈತರ ಮಕ್ಕಳು ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದೇನೆ.

ಸಾಲಗಾರರಿಗೆ ಅಂತ ಕಾಯ್ದೆಗಳು ಬಂದಿಲ್ಲವಾ? ಬೇಕಾದಷ್ಟು. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ, 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆ, 2018ರಲ್ಲಿ ಪಾಸಾಗಿ 2019ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಇನ್ನೊಂದು ಋಣ ಪರಿಹಾರ ಕಾಯ್ದೆ, 2025ರ ಮೈಕ್ರೋಫೈನಾನ್ಸ್ ಕಿರುಕುಳ ತಡೆ ಕಾಯ್ದೆ. ಒಂದೊಂದೂ ಒಳ್ಳೆಯದೇ. ಆದರೆ ಇವೆಲ್ಲ ಕೆಲಸ ಮಾಡಬೇಕಾದರೆ ಮೊದಲು 'ಸಾಲ' ಅಂತ ಒಂದು ಇರಬೇಕಲ್ಲ. ಕ್ರಯಪತ್ರದಲ್ಲಿ ಸಾಲವೇ ಇಲ್ಲ. ಮಾರಿದವನು, ಕೊಂಡವನು, ಪೂರಾ ಹಣ ಸಂದಾಯ, ಸ್ವಾಧೀನ ಕೊಟ್ಟಾಯ್ತು. ಅಧಿಕಾರಿಯ ಮುಂದೆ ಹೋಗಿ ನಿಂತರೆ ಅವರು ಋಣಭಾರ ಪತ್ರ ತೆಗೆದು, "ನೀವು ಮಾರಿದ್ದೀರಲ್ರೀ" ಅಂತಾರೆ. ಅವರ ತಪ್ಪೂ ಅಲ್ಲ.

ಹಿಂದೆ ಹೀಗಿರಲಿಲ್ಲ ಅನ್ನೋದೇ ನನಗೆ ಹೊಟ್ಟೆ ಉರಿ. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ದಂಗೆ ಎದ್ದು ಸಾಹುಕಾರರ ಮನೆಯ ಸಾಲಪತ್ರಗಳನ್ನು ಹೊರಗೆಳೆದು ಸುಟ್ಟರು. ಜನಕ್ಕಿಂತ ಹೆಚ್ಚಾಗಿ ಕಾಗದದ ಮೇಲೆ ಸಿಟ್ಟು, ಗಮನಿಸಿ. ಅದರ ಫಲವಾಗಿ 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂತು. ಮುಂದೆ ಅದಕ್ಕೆ 10ಎ ಅಂತ ಒಂದು ಕಲಂ ಸೇರಿಸಿದರು. ರೈತ ಬರೆದುಕೊಟ್ಟ ಪತ್ರದಲ್ಲಿ ಕ್ರಯ ಅಂತಿದ್ದರೂ, ವ್ಯವಹಾರದ ನಿಜವಾದ ಸ್ವರೂಪ ಏನು ಅಂತ ಕೋರ್ಟು ವಿಚಾರಿಸಬಹುದು, ಅದಕ್ಕೆ ಬಾಯಿಸಾಕ್ಷ್ಯವನ್ನೂ ತೆಗೆದುಕೊಳ್ಳಬಹುದು, ಸಾಕ್ಷ್ಯ ಕಾಯ್ದೆ ಅಡ್ಡ ಬರುವುದಿಲ್ಲ! ಪರದೇಶದ ಸರ್ಕಾರಕ್ಕೆ ಅರ್ಥವಾಗಿತ್ತು, ಗತಿಗೆಟ್ಟವನು ಸಹಿ ಹಾಕಿದ ಕಾಗದ ಪೂರ್ತಿ ನಿಜ ಹೇಳಲ್ಲ ಅಂತ. ನಮ್ಮ ಮೈಸೂರು ಸಂಸ್ಥಾನದಲ್ಲೂ 1928ರಲ್ಲಿ ರೈತರ ಪರಿಹಾರ ಕಾಯ್ದೆ ಮಾಡಿದರು. 1879ರ ಆ ಕಾಯ್ದೆ ಸ್ವಾತಂತ್ರ್ಯ ಬಂದ ಹೊತ್ತಿಗೆ ಹೋಯಿತು, ಅದರ ಜೊತೆಗೇ 10ಎ ಕೂಡ. ನಾನು ಕೇಳುವುದು ಇಷ್ಟೇ, ಸಾಲಮನ್ನಾ ಬೇಡ, ಆ ಒಂದು ಕಲಂ ವಾಪಸ್ ತನ್ನಿ. ಕೃಷಿ ಜಮೀನಿನ ಕ್ರಯದಲ್ಲಿ, ಮಾರಿದವನೇ ಆಮೇಲೂ ಉಳುತ್ತಾ ಇದ್ದರೆ, ಅದು ಅಡಮಾನವೇ ಅಂತ ಮೊದಲು ಭಾವಿಸಿ. ಅಲ್ಲ ಅಂತ ತೋರಿಸುವ ಹೊಣೆ ಕೊಂಡವನದಾಗಲಿ.

ಇದಕ್ಕೆ ಈಗಿನ ಕಾಲದಲ್ಲೇ ಉದಾಹರಣೆ ಇದೆ, ನಮ್ಮ ಜಮೀನುದಾರರಿಗೆ ಇಷ್ಟವಾಗದ ಉದಾಹರಣೆ. 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ, ಪತ್ರ ಎಷ್ಟೇ ಗಟ್ಟಿ ಇರಲಿ, ಜಮೀನು ಮೂಲದವರಿಗೆ ವಾಪಸ್. ತಡವಾಗಿ ಅರ್ಜಿ ಹಾಕಿದ್ದಾರೆ ಅಂತ ಕೋರ್ಟುಗಳು ತಳ್ಳಿಹಾಕತೊಡಗಿದಾಗ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿಯನ್ನು ತೆಗೆಯಲು ನೋಡಿದರು. ಈ ಕಾಯ್ದೆಯನ್ನು ನಮ್ಮ ಕಟ್ಟೆಗಳಲ್ಲಿ ಎಷ್ಟು ಬೈದಿದ್ದಾರೆ ಅಂದರೆ.. ದೊಡ್ಡಪ್ಪನೂ ಬೈದವರೇ. ಕೇರಿಯವರು ಕಷ್ಟಕ್ಕೆ ಅಂತ ಕೈಸಾಲ ತಗೊಂಡು ಮಂಜೂರಾದ ಜಮೀನನ್ನು ಗೌಡರ ಮನೆಗೆ ಬರೆದುಕೊಟ್ಟದ್ದೂ ಇದೇ ಥರದ 'ಧೈರ್ಯಕ್ಕೆ' ಬರೆಸಿಕೊಂಡ ಕ್ರಯಪತ್ರಗಳೇ ಅಲ್ಲವೇ? ಆಗ ಬೀಗರ ಜಾಗದಲ್ಲಿ ಕೂತಿದ್ದವರು ನಾವು. ಇದನ್ನು ಬರೆಯದೇ ಬಿಟ್ಟರೆ ಉಳಿದದ್ದಕ್ಕೆ ಬೆಲೆ ಇರಲ್ಲ ಅಂತ ಬರೆದಿದ್ದೇನೆ.

ಕುಟುಂಬದ ಒಳಗಿನ ರಗಳೆ ಇನ್ನೊಂದು. ನಮ್ಮ ಆಸ್ತಿ ಹಂಚಿಕೆಯ ಶಾಸ್ತ್ರ ಮಿತಾಕ್ಷರ. ಅದನ್ನು ಬರೆದದ್ದು ನಮ್ಮ ನೆಲದಲ್ಲೇ, ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ. ಹುಟ್ಟಿದ ಕೂಡಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಪಾಲು. ಪಾಲಿನ ಜೊತೆಗೆ ಅಪ್ಪನ ಸಾಲವೂ. ಜೂಜು, ಹೆಂಡದಂಥ ಸಾಲ ಬಿಟ್ಟು ಉಳಿದದ್ದನ್ನು ತೀರಿಸುವುದು ಮಗನ ಧರ್ಮ ಅಂತ ಕೋರ್ಟುಗಳೂ ಒಪ್ಪಿಕೊಂಡಿದ್ದವು. 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂತು. ಅದೇ ತಿದ್ದುಪಡಿಯಲ್ಲಿ, ಆಮೇಲಿನ ಸಾಲಗಳಿಗೆ ಬರೀ 'ಮಗನ ಧರ್ಮ' ಅನ್ನುವ ಕಾರಣಕ್ಕೆ ಮಗನ ಮೇಲೆ ಬೀಳುವಂತಿಲ್ಲ ಅಂತಲೂ ಆಯಿತು. ಬಹಳ ಜನ ಮೊದಲರ್ಧ ಮಾತ್ರ ಓದಿದ್ದಾರೆ. ಸಾಲ ಕೊಡುವವರು ಎರಡನ್ನೂ ಓದಿದ್ದಾರೆ. ಅದಕ್ಕೇ ಈಗ ಕ್ರಯಪತ್ರಕ್ಕೆ ಅಪ್ಪನ ಸಹಿ ಸಾಲದು, ಹೆಂಡತಿ, ಮಕ್ಕಳು, ಮದುವೆಯಾಗಿ ದಾವಣಗೆರೆಗೋ ತರೀಕೆರೆಗೋ ಹೋದ ಹೆಣ್ಣುಮಕ್ಕಳು ಎಲ್ಲರನ್ನೂ ಕರೆಸ್ತಾರೆ. ನಮ್ಮ ಅಕ್ಕನೂ ಬಂದು ಸಹಿ ಹಾಕಿ ಹೋದಳು. "ಅಪ್ಪ ಕರೆದ್ರು, ಬಂದೆ. ಯಾತಕ್ಕೆ ಅಂತ ಕೇಳ್ಲಿಲ್ಲ" ಅಂದಳು. ಅವಳ ಪಾಲಿಗೆ ಕಾಯ್ದೆ ಕೊಟ್ಟಿದ್ದು 2005ರಲ್ಲಿ, ಹೋಗಿದ್ದು 2017ರಲ್ಲಿ, ನಡುವೆ ಒಂದು ಎಳನೀರನ್ನೂ ಆಕೆ ಆ ತೋಟದಿಂದ ಹಕ್ಕಿನಿಂದ ಕೇಳಿ ಕುಡಿದವಳಲ್ಲ.

ಇನ್ನೊಂದು ಆಟವೂ ನಡೆಯುತ್ತೆ, ಅದನ್ನೂ ಹೇಳಿಬಿಡ್ತೀನಿ. ಅಪ್ಪ ಸಾಲ ಮಾಡಿ ತಿಂದು, ಹರಾಜಿನ ನೋಟೀಸು ಬಂದಾಗ ಮಗನ ಕೈಲಿ ಪಾಲು ದಾವೆ ಹಾಕಿಸಿ ತಡೆಯಾಜ್ಞೆ ತರೋದು. ನಿಜವಾಗಿ ಕೈಯಿಂದ ದುಡ್ಡು ಕೊಟ್ಟವನು ಹತ್ತು ವರ್ಷ ಕೋರ್ಟಿಗೆ ಅಲೆಯೋದು. ಸಾಲ ಕೊಡುವವನು ಕ್ರಯಪತ್ರವೇ ಬೇಕು ಅಂತ ಹಠ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಪ್ರೋನೋಟು ಹಿಡಿದು ಕೋರ್ಟಿಗೆ ಹೋದವನ ಪಾಡು ಅವನು ನೋಡಿರ್ತಾನೆ. ಡಿಕ್ರಿ ಸಿಗಲು ಒಂದು ಕಾಲ, ಅಮಲ್ಜಾರಿಗೆ ಇನ್ನೊಂದು ಕಾಲ. 2021ರಲ್ಲಿ, ಬೆಂಗಳೂರಿನ ಒಂದು ಜಮೀನಿನ ಕೇಸಿನಲ್ಲೇ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಿ ಅಂತ ಸುಪ್ರೀಂ ಕೋರ್ಟು ಹೇಳಿತು. ಆರು ತಿಂಗಳಿಗೆ ನಮ್ಮಲ್ಲಿ ನೋಟೀಸು ಜಾರಿಯಾದರೆ ಪುಣ್ಯ. ಹಾಗಾಗಿ ಜಪ್ತಿ ವಾಸಿ ಅಂತ ನಾನು ಹೇಳಿದ್ದಕ್ಕೆ "ನೀನು ಕೋರ್ಟು ಹತ್ತಿಲ್ಲ, ಅದಕ್ಕೇ ಹಿಂಗೆ ಬರೀತೀಯ" ಅಂತ ಯಾರಾದರೂ ಅಂದರೆ ಒಪ್ಪಿಕೊಳ್ತೀನಿ. ಆದರೆ ನೋಡಿ, ಆ ನಿಧಾನ ಯಾರಿಗೆ ಅನುಕೂಲ? ಸಾಲ ಕೊಟ್ಟವನಿಗೆ ಕಷ್ಟ, ಸಾಲಗಾರನಿಗೆ ಇನ್ನೆರಡು ಮಳೆಗಾಲ. 2022ರ ಮಳೆ ಬರುವವರೆಗೆ ದೊಡ್ಡಪ್ಪನಿಗೆ ಬೇಕಿದ್ದದ್ದೂ ಅದೇ, ಎರಡು ಮೂರು ವರ್ಷ.

ಸಾಲ ಕೊಡುವವನಿಗೂ ಭದ್ರತೆ ಬೇಕು ಅನ್ನುವುದಾದರೆ ನೋಂದಾಯಿತ ಆಧಾರಪತ್ರ ಇದೆಯಲ್ಲ. ಸ್ವಾಧೀನ ಕೊಡದ ಅಡಮಾನಕ್ಕೆ ಮುದ್ರಾಂಕ ಶುಲ್ಕ ಕ್ರಯಕ್ಕಿಂತ ತೀರಾ ಕಮ್ಮಿ. ಕ್ರಯಕ್ಕೆ ನೂರಕ್ಕೆ ಐದರ ಲೆಕ್ಕ, ಆ ಖರ್ಚನ್ನೂ ಬೀಗರು ದೊಡ್ಡಪ್ಪನ ಸಾಲಕ್ಕೇ ಸೇರಿಸಿದ್ದರು! ಭೋಗ್ಯ ಬರೆದಿದ್ದರೆ ಇನ್ನೂ ಗಟ್ಟಿ. ಒಮ್ಮೆ ಅಡಮಾನ ಅಂತಾದದ್ದನ್ನು ಬಿಡಿಸಿಕೊಳ್ಳುವ ಹಕ್ಕು ಬೇಗ ಸಾಯಲ್ಲ. ಸ್ವಾಧೀನ ಭೋಗ್ಯದಲ್ಲಿ ಬರೀ ಮೂವತ್ತು ವರ್ಷ ಕಳೆದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಭೋಗ್ಯ ಅಂದರೆ ನಮ್ಮವರಿಗೆ ಭಯ, 1974ರ ಭೂಸುಧಾರಣೆಯಲ್ಲಿ ಗೇಣಿಯೋ ಭೋಗ್ಯವೋ ಅಂತ ನ್ಯಾಯಮಂಡಳಿಗಳ ಮುಂದೆ ವರ್ಷಗಟ್ಟಲೆ ಗುದ್ದಾಡಿದ್ದರ ನೆನಪು. ಆ ಕಾಯ್ದೆಯಲ್ಲಿ ಭೋಗ್ಯದವನನ್ನು ಗೇಣಿದಾರ ಅಂತ ಎಣಿಸಿಯೇ ಇರಲಿಲ್ಲ. ಆದರೂ ಭಯ ಉಳಿಯಿತು, ಭೋಗ್ಯ ಹೋಯಿತು. ಇನ್ನು 2020ರಲ್ಲಿ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಂದರೆ ಕ್ರಯಪತ್ರ ಇಟ್ಟುಕೊಂಡು ಸಾಲ ಕೊಡಲು ಈಗ ಬೀಗರೇ ಆಗಬೇಕೆಂದಿಲ್ಲ, ಬೆಂಗಳೂರಿನ ಯಾರು ಬೇಕಾದರೂ ಆಗಬಹುದು. ಬೀಗರಾದರೆ ಹಬ್ಬಕ್ಕಾದರೂ ಮುಖ ನೋಡಬೇಕಾಗುತ್ತೆ ಅನ್ನುವ ಅಳುಕಿರುತ್ತೆ..

ಬ್ಲಾಗು ಓದುವ ನಿಮ್ಮಲ್ಲಿ ಬಹಳಷ್ಟು ಜನ ಊರು ಬಿಟ್ಟು ಬಂದವರು. ಊರಿಂದ ಫೋನ್ ಬಂದು "ಒಂದು ಸಹಿ ಬೇಕಿತ್ತು, ಬಂದು ಹೋಗಪ್ಪಾ" ಅಂದರೆ ರಜೆ ಹಾಕಿ ಹೋಗಿ ಸಹಿ ಹಾಕಿ, ರಾತ್ರಿ ಬಸ್ಸಿಗೆ ವಾಪಸ್ ಬರುವವರು. ನಾನೂ ಹಾಗೆ ಹಾಕಿದವನೇ, ನಮ್ಮದು ಒಟ್ಟು ಕುಟುಂಬ, ಆ ಪತ್ರದಲ್ಲಿ ನನ್ನ ಸಹಿಯೂ ಇದೆ. ಏಳನೇ ಪುಟದಲ್ಲಿ. ಓದದೇ ಹಾಕಿದ್ದು.

ಹೊರಡುವ ಮುಂಚೆ ದೊಡ್ಡಪ್ಪನಿಗೆ ಈ ಜಪ್ತಿಯ ನಿಯಮಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ನೇಗಿಲು ಮುಟ್ಟಂಗಿಲ್ಲ, ಮನೆ ಮುಟ್ಟಂಗಿಲ್ಲ, ಬೇಕಾದಷ್ಟೇ ಮಾರಬೇಕು, ಮಿಕ್ಕಿದ್ದು ನಿಮಗೇ ಅಂತ. ಸುಮ್ಮನೆ ಕೇಳಿಸಿಕೊಂಡರು. ಎಲೆಗೆ ಸುಣ್ಣ ಹಚ್ಚುತ್ತಾ ತಲೆ ಎತ್ತದೇ ಕೇಳಿದರು:

"ಆ ತಮಟೆ.. ಎಷ್ಟೊತ್ತು ಬಡೀತಿದ್ರು?"

"ಒಂದೈದು ನಿಮಿಷ ಇರ್ಬಹುದು ದೊಡ್ಡಪ್ಪ."

"ಐದು ನಿಮಿಷಾನಾ" ಅಂದರು. ಎಲೆ ಮಡಚಿ ಬಾಯಿಗಿಟ್ಟುಕೊಂಡರು.